ಹನ್ನೊಂದನೆಯ ಪಟ್ಟೆ

ಲೀಬೆರಾ ಹಳೆ ಕಾರಿನ ಬಾಗಿಲು ತೆಗೆದಳೆಂದರೆ ಮೊದಲು ಒಳಗೆ ಹೋಗುವುದು ಅವಳ ಮೂಗು. ಕಣ್ಣು, ಕೈ ಎಲ್ಲ ಆಮೇಲೆ. ಸೀಟಿನ ಚರ್ಮಕ್ಕೆ ಇನ್ನೂ ಜೀವವಿದೆಯೋ ಇಲ್ಲವೋ ವಾಸನೆಯಲ್ಲೇ ಗೊತ್ತಾಗುತ್ತದಂತೆ. ಇಪ್ಪತ್ತೆಂಟು ವರ್ಷದಿಂದ ಅವಳ ಪಕ್ಕದ ಶೆಡ್ಡಿನಲ್ಲಿ ಹಳೆ ಕಾರುಗಳ ಮೀಟರು, ಗಡಿಯಾರ ರಿಪೇರಿ ಮಾಡಿಕೊಂಡಿದ್ದೇನೆ ನಾನು. ನನ್ನ ಮೂಗಿಗೆ ಇವತ್ತಿನವರೆಗೂ ಇಲಿ ಹಿಕ್ಕೆಯ ವಾಸನೆ ಬಿಟ್ಟು ಇನ್ನೊಂದು ಬಡಿದಿಲ್ಲ. ಹಾಗಂದರೆ, "ನಿಂಗೆ ದೇವ್ರು ಮೂಗು ಕೊಟ್ಟಿರೋದು ಬೇರೆಯವರ ವಿಷಯಕ್ಕೆ ತೂರ್ಸೋಕೆ ಕಣೋ ವಾಯ್ನೆರ್" ಅನ್ನುತ್ತಾಳೆ. ಅನ್ನಲಿ ಬಿಡಿ. ಅದರಲ್ಲಿ ಸುಳ್ಳೇನಿಲ್ಲ.

ನಮ್ಮದು ಮೊಡೆನಾದಿಂದ ಗುಡ್ಡಗಳ ಕಡೆ ಹೋಗುವ ರಸ್ತೆ ಪಕ್ಕದ ಅಂಗಳ. ಹಿಂದೆ ಚೀಸ್ ಮಾಗಿಸುತ್ತಿದ್ದ ಗೋದಾಮು. ಈಗ ಒಂದು ಕಡೆ ನಾನು, ಇನ್ನೊಂದು ಕಡೆ ಅವಳು, ನಡುವೆ ಒಂದು ಅಂಜೂರದ ಮರ. ಊರಿನ ಅರ್ಧ ಜನ ಕಾರು ಕಟ್ಟಿ ಬದುಕಿದವರು, ಇನ್ನರ್ಧ ಹಂದಿ ತೊಡೆಗೆ ಉಪ್ಪು ಹಚ್ಚಿ ಬದುಕಿದವರು. ಲೀಬೆರಾ ಮೊದಲನೆಯ ಪೈಕಿ. ಹತ್ತೊಂಬತ್ತಕ್ಕೆ ಸೂಜಿ ಹಿಡಿದವಳು, ಈಗ ಅರವತ್ತೈದು. ಮದುವೆಯಾದಳು, ಗಂಡ ತೀರಿಕೊಂಡ, ಮಗಳು ಫಾಯೆಂಜ಼ಾದಲ್ಲಿ ಟೀಚರು. ಇಷ್ಟನ್ನೂ ಅವಳು ಹೇಳುವುದು ಒಂದೇ ಉಸಿರಿನಲ್ಲಿ. ಆದರೆ ಸಾವಿರದೊಂಬೈನೂರ ಎಪ್ಪತ್ತರ ಒಂದು ಸೀಟಿನ ಹೊಲಿಗೆ ಬಗ್ಗೆ ಕೇಳಿ ನೋಡಿ, ನಿಮ್ಮ ಮಧ್ಯಾಹ್ನದ ಊಟ ಹೋಯಿತೆಂದೇ ಲೆಕ್ಕ.

ಹೊಸ ಚರ್ಮ ಅಂದರೆ ಅವಳಿಗೆ ಮೈಯೆಲ್ಲ ಉರಿ. ಮಿಲಾನಿನಿಂದ ಒಬ್ಬ ಬಂದಿದ್ದ, ಕೊರಳಿಗೆ ರೇಷ್ಮೆ ಸ್ಕಾರ್ಫು ಸುತ್ತಿಕೊಂಡು. "ಎಲ್ಲ ಕಿತ್ತು ಬಿಸಾಕಿ, ಒಳ್ಳೆ ಕೆಂಪು ಚರ್ಮ ಹಾಕಿಬಿಡಿ ಅಮ್ಮಾ" ಅಂದ. ಲೀಬೆರಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮ್ಮ ಮುಖಾನೂ ಹಳೇದಾಗಿದೆ, ಅದನ್ನೂ ಕಿತ್ತು ಹೊಸದು ಹಾಕಿಸ್ತೀರಾ?" ಅಂದಳು. ಅವನು ಕಾರು ತಿರುಗಿಸಿಕೊಂಡು ಹೋದ. ಹೀಗೆ ಬಂದ ಗಿರಾಕಿಯನ್ನು ಓಡಿಸಿದ್ದು ಒಂದೆರಡು ಸಲವಲ್ಲ.

ಅವಳ ಕೆಲಸವೇ ಬೇರೆ ಥರ. ಚರ್ಮವನ್ನು ಸೋಪಿನ ನೊರೆಯಲ್ಲಿ ಒರೆಸಿ, ಕೊಬ್ಬು ತಿನ್ನಿಸಿ, ಒದ್ದೆ ಬಟ್ಟೆ ಹೊದಿಸಿ ವಾರಗಟ್ಟಲೆ ಮಲಗಿಸುತ್ತಾಳೆ. ಹರಿದಲ್ಲಿ ಒಳಗಿನಿಂದ ತೆಳ್ಳನೆ ಆಡಿನ ತೊಗಲು ಅಂಟಿಸುತ್ತಾಳೆ. ಬಿಚ್ಚಿದ ಹೊಲಿಗೆಯನ್ನು ಮತ್ತೆ ಹಾಕುವಾಗ ಸೂಜಿ ಹಳೆ ತೂತಿನಲ್ಲೇ ಹೋಗಬೇಕು. ಒಂದು ಹೊಸ ತೂತು ಬಿದ್ದರೆ ಅವತ್ತು ಯಾರೂ ಅವಳ ಹತ್ತಿರ ಸುಳಿಯುವಂತಿಲ್ಲ. ಗೋಡೆಯುದ್ದಕ್ಕೂ ಡ್ರಾಯರುಗಳು. ಕಿಟಕಿ ತಿರುಗಿಸುವ ಹಿಡಿ, ಬೂದಿ ಡಬ್ಬಿ, ಬಾಗಿಲ ಕ್ಲಿಪ್ಪು, ಹಿತ್ತಾಳೆ ಮೊಳೆ, ಎಲ್ಲವೂ ಆ ಕಾಲದ್ದೇ, ನಲವತ್ತು ವರ್ಷ ಸಂತೆ ಸಂತೆ ಅಲೆದು ಆರಿಸಿ ತಂದಿದ್ದು. ನಾನೊಮ್ಮೆ ಅಂಥದೇ ಹೊಸ ಕ್ಲಿಪ್ಪು ಕೊಡಲು ಹೋಗಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು.

ಇನ್ನು ದೀರ್ಚೆಯ ವಿಷಯ ಹೇಳಬೇಕು. ದೀರ್ಚೆ ಲೀಬೆರಾಳಿಗಿಂತ ಎರಡು ವರ್ಷ ದೊಡ್ಡವಳು, ಅವಳ ಜೀವದ ಗೆಳತಿ. ಪ್ರತಿ ಗುರುವಾರ ಮಧ್ಯಾಹ್ನ ನಮ್ಮ ಅಂಗಳಕ್ಕೆ ಇಸ್ಪೀಟು ಆಡಲು ಬರುತ್ತಾಳೆ. ಕೊರಳಲ್ಲಿ ಮೇರಿಯಮ್ಮನ ಪದಕ, ಕೈಯಲ್ಲಿ ಮನೆಯ ಹಣ್ಣಿನ ಕಡುಬು. ಊರಲ್ಲಿ ಅವಳನ್ನು 'ಹನ್ನೊಂದರ ದೀರ್ಚೆ' ಅಂತಲೇ ಕರೆಯುವುದು. ಯಾಕೆಂದರೆ, ಸಾವಿರದೊಂಬೈನೂರ ಅರವತ್ತಾರರಲ್ಲಿ ಇವರಿಬ್ಬರೂ ಬೆರ್ಗೊಂಝಿಯ ಕಾರು ಕಾರ್ಖಾನೆಯಲ್ಲಿ ಸೀಟು ಹೊಲಿಯುತ್ತಿದ್ದಾಗ ದೀರ್ಚೆ ಹತ್ತು ಪಟ್ಟೆ ಇರಬೇಕಾದ ಸೀಟಿಗೆ ಹನ್ನೊಂದು ಹೊಲಿದುಬಿಟ್ಟಳಂತೆ. ಹತ್ತಿ ತುಂಬಿದ ಉಬ್ಬು ಪಟ್ಟೆಗಳು, ಬೆನ್ನು ಒರಗುವ ಕಡೆ ಉದ್ದಕ್ಕೆ ಇಳಿಯುತ್ತವಲ್ಲ, ಅವು. ಕಾರು ಮಾರನೇ ದಿನ ಗಿರಾಕಿಗೆ ಹೋಗಬೇಕಿತ್ತು. ಮುದುಕ ಬೆರ್ಗೊಂಝಿ, "ಕೂತ್ಕೊಂಡ ಮೇಲೆ ಯಾವನು ಎಣಿಸ್ತಾನೆ, ಕಳಿಸಿ" ಅಂದ. ಕಾರು ಹೋಯಿತು, ಮೇಸ್ತ್ರಿ ಮಾತ್ರ ಅವಳನ್ನು ಬಿಡಲಿಲ್ಲ. ದೀರ್ಚೆಯನ್ನು ಹೊಲಿಗೆಯಿಂದ ಎಬ್ಬಿಸಿ ಕಾರ್ಪೆಟ್ಟಿಗೆ ಗೋಂದು ಹಚ್ಚಲು ಕೂರಿಸಿದ. ಆ ಶರತ್ಕಾಲದಲ್ಲಿ ಅವಳೇ ಬಿಟ್ಟು ಹೋದಳು. ಮುಂದೆ ಮೂವತ್ಮೂರು ವರ್ಷ ಹಂದಿ ತೊಡೆಗೆ ಉಪ್ಪು ಹಚ್ಚಿದಳು.

ಅದು ಊರಿನ ತಮಾಷೆಯಾಗಿಬಿಟ್ಟಿತು. ಬಾರಿನಲ್ಲಿ ಯಾರಾದರೂ ಹತ್ತು ಕರಿದ ರೊಟ್ಟಿ ಹೇಳಿದರೆ, "ದೀರ್ಚೆ ಕೈಲಿ ಎಣ್ಸಿ, ಒಂದು ಜಾಸ್ತಿ ಸಿಗುತ್ತೆ" ಅನ್ನುವವರು ಇದ್ದೇ ಇರುತ್ತಾರೆ. ನಾನೂ ಅಂದಿದ್ದೇನೆ, ಸುಳ್ಳೇಕೆ. ದೀರ್ಚೆ ನಗುತ್ತಿದ್ದಳು. ಆದರೆ ಸೂಜಿ ಮಾತ್ರ ಮತ್ತೆ ಮುಟ್ಟಲಿಲ್ಲ. ಮೊಮ್ಮಗನ ಪ್ಯಾಂಟಿನ ಗುಂಡಿ ಕಿತ್ತರೂ ಲೀಬೆರಾಳ ಹತ್ತಿರ ತರುತ್ತಿದ್ದಳು. ಮಿಲಾನಿನವನನ್ನು ಓಡಿಸಿದ ಲೀಬೆರಾ ಇದ್ದಳಲ್ಲ, ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಗುಂಡಿ ಹಾಕಿಕೊಡುತ್ತಿದ್ದಳು. ಸ್ನೇಹ ಅಂದರೆ ಹೀಗಿರಬೇಕು ಅಂದುಕೊಂಡಿದ್ದೆ ನಾನು.

ಫೆಬ್ರುವರಿಯಲ್ಲಿ, ಮುಂದಿನ ಮರ ಕಾಣದಷ್ಟು ಮಂಜು ಕವಿದ ಒಂದು ಬೆಳಿಗ್ಗೆ, ಲಾರಿಯ ಮೇಲೆ ಆ ಕಾರು ಬಂತು. ಬೂದು ಬಣ್ಣದ, ಎರಡು ಸೀಟಿನ, ಅರವತ್ತಾರರ ಬೆರ್ಗೊಂಝಿ. ಮುದುಕ ಇಂಥವು ಮಾಡಿದ್ದೇ ಮೂವತ್ತೊಂದು. ಇದು ಮಾಂತುವಾ ಕಡೆಯ ಯಾವುದೋ ಹುಲ್ಲಿನ ಕೊಟ್ಟಿಗೆಯಲ್ಲಿ ಮೂವತ್ತು ವರ್ಷ ಬಿದ್ದಿತ್ತು. ತಂದವರು ಕಾರ್ಪಿಯ ಔಷಧಿ ಅಂಗಡಿಯ ಕವಾಝೂಟಿ, ಎಲ್ಲರ ಬಾಯಲ್ಲೂ 'ಡಾಕ್ಟ್ರು'. ಬಹಳ ಸಾಧು ಮನುಷ್ಯ, ಕಾರಿನ ಮೇಲೆ ಕೈ ಇಟ್ಟರೆ ಅವರ ಕಣ್ಣು ತುಂಬುತ್ತಿತ್ತು.

"ಏನಾದ್ರೂ ಮಾಡಿ ಲೀಬೆರಾ ಅಮ್ಮ, ಒಳಗಡೆ ಎಲ್ಲಾ ಒರಿಜಿನಲ್ ಆಗೇ ಉಳೀಬೇಕು. ಜೂನಲ್ಲಿ ಬೆರ್ಗೊಂಝಿ ಸಂಘದವರು ತಪಾಸಣೆ ಮಾಡಿ ಸರ್ಟಿಫಿಕೇಟ್ ಕೊಡ್ತಾರೆ."

ಲೀಬೆರಾ ಬಾಗಿಲು ತೆಗೆದು ಮೂಗು ಹಾಕಿದಳು. "ಬದುಕಿದೆ" ಅಂದಳು. ಆಮೇಲೆ ಡ್ರೈವರ್ ಸೀಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು. ಒರೆಸುತ್ತಾ ಒರೆಸುತ್ತಾ ಕೈ ನಿಂತಿತು. ಬಾಗಿಲು ಮುಚ್ಚಿ, ಕಾಫಿ ಕುಡಿದು ಬರುತ್ತೇನೆಂದು ಹೋದವಳು ಒಂದು ಗಂಟೆ ಬರಲಿಲ್ಲ. ನಾನು ಹೋಗಿ ಎಣಿಸಿದೆ. ಹನ್ನೊಂದು! ದೀರ್ಚೆಯ ಸೀಟು! ನನಗೆ ನಗು ತಡೆಯಲಾಗಲಿಲ್ಲ. ಓಡಿ ಹೋಗಿ ಹೇಳಿದರೆ ಲೀಬೆರಾ, "ಗುರುವಾರ ಅವಳ ಮುಂದೆ ಬಾಯಿ ಬಿಟ್ಟರೆ ನಿನ್ನ ನಾಲಿಗೆಗೇ ಮೊಳೆ ಹೊಡೀತೀನಿ" ಅಂದಳು. ಗೆಳತಿಗೆ ನೋವಾಗುತ್ತದೆ ಎಂದು ಅನ್ನುತ್ತಿದ್ದಾಳೆ ಅಂದುಕೊಂಡು ಸುಮ್ಮನಾದೆ. ಗುರುವಾರ ಬಂತೆಂದರೆ ಕಾರಿನ ಮೇಲೆ ದೊಡ್ಡ ಬಟ್ಟೆ ಹೊದಿಸುತ್ತಿದ್ದಳು.

ಮೂರು ತಿಂಗಳು ಕೆಲಸ ನಡೆಯಿತು. ಚಾವಣಿಯ ಬಟ್ಟೆ ಸಿಗರೇಟಿನ ಹೊಗೆಗೆ ಹಳದಿಯಾಗಿತ್ತು, ಅದನ್ನು ಇಳಿಸಿ ತಣ್ಣೀರಿನಲ್ಲಿ ಏಳು ಸಲ ಜಾಲಿಸಿದಳು. ಪಕ್ಕದ ಸೀಟಿನ ಹೊಟ್ಟೆಯಲ್ಲಿ ಇಲಿ ಸಂಸಾರ ಹೂಡಿತ್ತು. ಅಲ್ಲಿಂದ ಕುದುರೆ ಕೂದಲೆಲ್ಲ ತೆಗೆದು, ತೊಳೆದು, ಒಣಗಿಸಿ, ಬಾಚಿ, ಅದೇ ಕೂದಲನ್ನು ಮತ್ತೆ ತುಂಬಿದಳು. ಬೂದಿ ಡಬ್ಬಿಯ ಮುಚ್ಚಳ ಇರಲಿಲ್ಲ. ಇಮೋಲಾದ ಸಂತೆಯಲ್ಲಿ ಒಬ್ಬ ಮುದುಕನ ತಗಡಿನ ರಾಶಿಯಲ್ಲಿ ಕೈಯಾಡಿಸಿ ಹುಡುಕಿ ತಂದಳು. ನಾನು ಗಡಿಯಾರ ಬಿಚ್ಚಿ ಓಡುವಂತೆ ಮಾಡಿದೆ. ಕವಾಝೂಟಿ ಶನಿವಾರ ಶನಿವಾರ ಬಂದು, "ಪೇಷೆಂಟ್ ಹೇಗಿದ್ದಾರೆ?" ಅಂತ ಕೇಳುವರು. "ಸಂಬಂಧಿಕರ ಕಾಟ ಕಮ್ಮಿಯಾದ್ರೆ ಉಳ್ಕೋತಾರೆ ಡಾಕ್ಟ್ರೇ" ಅನ್ನುವಳು ಇವಳು. ಎಲ್ಲ ಮುಗಿಯುತ್ತಾ ಬಂತು. ಡ್ರೈವರ್ ಸೀಟು ಮಾತ್ರ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತೇ ಇತ್ತು.

ಮೇ ಮೊದಲ ವಾರ ಸಂಘದ ಇಂಜಿನಿಯರ್ ಸ್ಪಿನೆಲ್ಲಿ ಮೊದಲ ಸುತ್ತಿನ ತಪಾಸಣೆಗೆ ಬಂದರು. ಕಂಕುಳಲ್ಲಿ ದಪ್ಪ ಪುಸ್ತಕ, ಕೈಯಲ್ಲಿ ಭೂತಗನ್ನಡಿ. ಒಳ್ಳೆಯವರೇ, ಆದರೆ ನಗು ಅನ್ನುವುದನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಚಾವಣಿ ನೋಡಿದರು, ತಲೆಯಾಡಿಸಿದರು. ಬೂದಿ ಡಬ್ಬಿ ನೋಡಿದರು, ತಲೆಯಾಡಿಸಿದರು. ಗೋಡೆಗೆ ಮುಖ ಮಾಡಿದ್ದ ಸೀಟನ್ನು ತಿರುಗಿಸಿ, ಬೆರಳಿಟ್ಟು ಎಣಿಸಿದರು.

"ಒಂಬತ್ತು, ಹತ್ತು, ಹನ್ನೊಂದು. ಇದು ಬೆರ್ಗೊಂಝಿ ಸೀಟಲ್ಲ. ಆಮೇಲೆ ಯಾರೋ ಹೊಲಿದಿದ್ದಾರೆ. ಪುಸ್ತಕದಲ್ಲಿ ಎಲ್ಲಾ ಕಾರಿಗೂ ಹತ್ತೇ ಇರೋದು."

ಕವಾಝೂಟಿಯವರ ಮುಖ ಬಿಳುಚಿತು. ನನ್ನ ಪಿತ್ತ ನೆತ್ತಿಗೇರಿತು. "ಏನ್ ಹೇಳ್ತಿದ್ದೀರಾ ಸ್ವಾಮಿ! ಆ ಕಾರ್ಖಾನೆಯಲ್ಲೇ, ಆ ಮೇಜಿನ ಮೇಲೇ ಹೊಲಿದಿದ್ದು ಅದು. ಹೊಲಿದವಳು ಇಲ್ಲೇ ಎರಡು ಬೀದಿ ಆಚೆ ಇದ್ದಾಳೆ. ಇಡೀ ಊರಿಗೇ ಗೊತ್ತು ಆ ಕಥೆ!"

ಇಂಜಿನಿಯರ್ ಕನ್ನಡಕ ಏರಿಸಿದರು. "ಊರ ಕಥೆ ನನಗೆ ಬೇಡ. ಹೊಲಿದವರು ಹೀಗೆ ಹೀಗೆ ಆಯ್ತು ಅಂತ ಬರೆದು ಸಹಿ ಮಾಡಿ ಕೊಡ್ಲಿ, ನಮ್ಮ ಪುಸ್ತಕದಲ್ಲಿ ಅದನ್ನ ಅಚ್ಚು ಹಾಕಿ ಒಪ್ಕೋತೀವಿ. ಆಗಲ್ವಾ, ಬಿಚ್ಚಿ ಹತ್ತು ಮಾಡಿ. ತಿಂಗಳ ಕೊನೆಗೆ ಬರ್ತೀನಿ."

ನಾನು ಗೆದ್ದೆ ಅಂದುಕೊಂಡು ಲೀಬೆರಾ ಕಡೆ ನೋಡಿದೆ. ಅವಳು ನೆಲ ನೋಡುತ್ತಾ, "ಬಿಚ್ಚಿ ಹತ್ತು ಮಾಡ್ತೀನಿ" ಅಂದಳು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಒಂದು ಹೊಸ ತೂತಿಗೆ ಊಟ ಬಿಡುವ ಹೆಂಗಸು! ಅವರಿಬ್ಬರೂ ಹೋದಮೇಲೆ ಕೂಗಾಡಿದೆ. "ತಲೆಗಿಲೆ ಕೆಟ್ಟಿದೆಯಾ ನಿಂಗೆ? ನಲವತ್ತೈದು ವರ್ಷದ ಹೊಲಿಗೆ ಅದು. ಹತ್ತು ಮಾಡಿದ್ರೆ ಅದು ಸುಳ್ಳು ಸೀಟು."

"ಅರ್ಧ ದಿನದ ಕೆಲಸ. ಒಂದು ಪಟ್ಟೆ ಬಿಚ್ಚಿ ಒಳಗೆ ಮಡಚಿದ್ರೆ ಆಯ್ತು. ನಿನ್ನ ಗಡಿಯಾರ ನೋಡ್ಕೋ ಹೋಗು."

"ದೀರ್ಚೆ ಒಂದು ಸಹಿ ಹಾಕಿದ್ರೆ ಮುಗೀತು!"

"ಅವಳ ಸುದ್ದಿಗೆ ಹೋಗಬೇಡ" ಎಂದು ಕಡ್ಡಿ ಮುರಿದಂತೆ ಹೇಳಿದಳು.

ನಾನು ಕೇಳುವ ಜಾತಿಯವನೇ? ಅವತ್ತು ಸಂಜೆಯೇ ದೀರ್ಚೆಯ ಮನೆಗೆ ಹೋದೆ. ಅವಳು ಬಟಾಣಿ ಬಿಡಿಸುತ್ತಾ ಕೂತಿದ್ದಳು. ಎಲ್ಲ ಹೇಳಿದೆ.

"ಆ ಸೀಟು ಇನ್ನೂ ಇದೆಯಾ?"

"ಬೆಣ್ಣೆ ಥರ ಇದೆ. ಸಹಿ ಹಾಕ್ತೀಯಾ?"

"ಹಾಕದೆ ಏನು ಮಾಡ್ಲಿ. ಆ ಡಾಕ್ಟ್ರು ಪಾಪ, ಅವರದ್ಯಾಕೆ ಹಾಳಾಗಬೇಕು." ಒಂದು ಕಾಯಿ ಬಿಡಿಸಿ ಬಟ್ಟಲಿಗೆ ಸುರಿದಳು. "ಎಂಟು ತಿಂಗಳು ಹೊಲಿದೆ ನಾನು ಅಲ್ಲಿ. ಅಷ್ಟರಲ್ಲಿ ಪುಸ್ತಕಕ್ಕೆ ಹೋಗೋದು ಅದೊಂದೇ ನೋಡು." ನಕ್ಕಳು. ನನಗೆ ನಗು ಬರಲಿಲ್ಲ. ಯಾಕೆಂದು ಆಗ ತಿಳಿಯಲಿಲ್ಲ.

ಗುರುವಾರ ಮಧ್ಯಾಹ್ನ ದೀರ್ಚೆ ಬಂದಳು. ಇಸ್ತ್ರಿ ಮಾಡಿದ ನೀಲಿ ಕೋಟು, ಕೈಯಲ್ಲಿ ಓದುವ ಕನ್ನಡಕ, ಒಂದು ಪೆನ್ನು. ಲೀಬೆರಾ ಡ್ರೈವರ್ ಸೀಟನ್ನು ಮೇಜಿನ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಬೆಳಿಗ್ಗೆಯಿಂದ ಹಾಗೇ ಕೂತಿದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ. ಹೊಲಿಗೆ ಬಿಚ್ಚುವ ಕೊಕ್ಕೆ ಪಕ್ಕದಲ್ಲಿತ್ತು, ಹೊಲಿಗೆ ಒಂದೂ ಬಿಚ್ಚಿರಲಿಲ್ಲ.

"ಎಲ್ಲಿ ಬರೀಬೇಕು ಹೇಳೇ" ಅಂದಳು ದೀರ್ಚೆ. "'ನಾನು ದೀರ್ಚೆ, ಎಣಿಸೋಕೆ ಬರದವಳು' ಅಂತ ಶುರು ಮಾಡ್ಲಾ?"

"ಕೂತ್ಕೋ."

"ಕೂತ್ಕೊಂಡೇ ಬರೀತೀನಿ, ನಿಂತು ಬರೆಯೋಕೆ—"

"ದೀರ್ಚೆ, ಇದು ನಂದು. ಹನ್ನೊಂದು ಹೊಲಿದವಳು ನಾನು."

ಅಂಗಳದಲ್ಲಿ ಒಂದು ಸೈಕಲ್ಲು ಹೋಗಿದ್ದು ಕೇಳಿಸಿತು. ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಹೋಗಲೋ, ಓಡಿ ಹೋಗಲೋ ಗೊತ್ತಾಗಲಿಲ್ಲ. ಲೀಬೆರಾ ತಲೆ ಎತ್ತದೆ, ನಿಧಾನವಾಗಿ ಹೇಳುತ್ತಾ ಹೋದಳು.

ಮೇ ತಿಂಗಳೆಂದರೆ ಮೇರಿಯಮ್ಮನ ತಿಂಗಳಲ್ಲವೇ. ಬೆರ್ಗೊಂಝಿಯ ಹೊಲಿಗೆ ಕೋಣೆಯಲ್ಲಿ ಮಧ್ಯಾಹ್ನ ಹಿರಿಯಳಾದ ಅರ್ಜಿಯಾ ಜಪಸರ ಹೇಳಿಸುತ್ತಿದ್ದಳು. ಅವಳು ಎಳೆದೆಳೆದು ಹೇಳುವವಳು. ಒಂದು 'ನಮೋ ಮರಿಯೆ' ಮುಗಿಯುವಷ್ಟರಲ್ಲಿ ಒಂದು ಪಟ್ಟೆಯ ಹೊಲಿಗೆ ಮುಗಿಯುತ್ತಿತ್ತು. ಹತ್ತು ಸಲ ನಮೋ ಮರಿಯೆ, ಹತ್ತು ಪಟ್ಟೆ. ಎಣಿಸುವ ಗೋಜೇ ಇಲ್ಲ. ಜಪವೇ ಅಳತೆ. ಆದರೆ ಆ ಹತ್ತಕ್ಕೆ ಮುಂಚೆ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಅಂತ ಒಂದು ಬರುತ್ತದೆ. ಅದನ್ನು ಹೇಳುವಾಗ ಉಳಿದವರೆಲ್ಲ ಚರ್ಮ ಸರಿಪಡಿಸಿಕೊಂಡು, ದಾರ ಪೋಣಿಸಿಕೊಂಡು ಕೂರುತ್ತಿದ್ದರು. ಅದಕ್ಕೆ ಹೊಲಿಗೆ ಇಲ್ಲ. ಅದು ಚಿಕ್ಕಂದಿನಿಂದಲೇ ಗೊತ್ತಿರುವವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಲೀಬೆರಾಳ ಅಪ್ಪ ಪಕ್ಕಾ ಕಮ್ಯುನಿಸ್ಟ್. ಚರ್ಚಿನ ಮೆಟ್ಟಿಲು ಹತ್ತಿದವನಲ್ಲ, ಮಗಳನ್ನೂ ಹತ್ತಗೊಟ್ಟವನಲ್ಲ. ಚಳಿಗಾಲದಲ್ಲಿ ಕೆಲಸಕ್ಕೆ ಸೇರಿದ ಹುಡುಗಿಗೆ ಅದು ಮೊದಲ ಮೇ, ಮೊದಲ ಸೀಟು. ಎಲ್ಲರಂತೆ ತುಟಿ ಆಡಿಸಿದಳು. ಅರ್ಜಿಯಾ ಬಾಯಿ ತೆರೆದ ಕೂಡಲೇ ಮೊದಲ ಪಟ್ಟೆ ಶುರು ಮಾಡಿದಳು, ತಂದೆಯ ಪ್ರಾರ್ಥನೆಗೂ ಒಂದು ಪಟ್ಟೆ ಹೊಲಿದಳು. ಒಳಗೆ ಮಡಚಬೇಕಾಗಿದ್ದ ಚರ್ಮವೇ ಹನ್ನೊಂದನೆಯದಾಯಿತು.

"ಮೇಸ್ತ್ರಿ ಆ ಕಾರಿಗೆ ನಾವಿಬ್ಬರೂ ಒಂದೊಂದು ಹೊಲಿದಿದ್ದ ಸೀಟನ್ನು ಮೇಜಿನ ಮೇಲೆ ಎಸೆದು, ಯಾರದ್ದು ಯಾವುದು ಅಂತ ಕೇಳ್ದ" ಅಂದಳು ಲೀಬೆರಾ. "ಅಪ್ಪನ್ನ ಆಗ ಎರಕದ ಕಾರ್ಖಾನೆಯಿಂದ ತೆಗೆದುಹಾಕಿದ್ರು. ನನ್ನ ಕೆಲಸ ಹೋಗಿದ್ರೆ ಮನೇಲಿ ಒಲೆ ಉರೀತಿರಲಿಲ್ಲ. ಕೆಂಪು ಬಾವುಟದವನ ಮಗಳು, ಜಪ ಬರಲ್ಲ ಅಂತ ಎಲ್ಲರ ಮುಂದೆ ಹೇಗೆ ಹೇಳ್ಲಿ? ಹತ್ತರದ್ದು ನಂದು ಅಂದ್ಬಿಟ್ಟೆ. ನೀನು ಸುಮ್ಮನೆ ನಿಂತಿದ್ದೆ."

"ಹೂಂ" ಅಂದಳು ದೀರ್ಚೆ.

"ನಾಳೆ ಹೇಳ್ತೀನಿ ಅಂದ್ಕೊಂಡೆ. ಆಮೇಲೆ ನೀನು ಬಿಟ್ಟು ಹೋದೆ. ಊರವರು ಆ ಹೆಸರು ಇಟ್ರು. ವರ್ಷ ವರ್ಷಕ್ಕೂ ಬಾಯಿ ಕಟ್ಟಿಹೋಯ್ತು. ಈ ಕಾರು ಬಂದಾಗ, ಬಿಚ್ಚಿ ಹತ್ತು ಮಾಡಿಬಿಟ್ರೆ ಯಾರಿಗೂ ಗೊತ್ತಾಗಲ್ಲ ಅಂತಾನೂ ಅಂದ್ಕೊಂಡೆ. ನೀನು ಪೆನ್ನು ಹಿಡ್ಕೊಂಡು ಬಂದೆ. ಇನ್ನು ನನ್ನ ಕೈಲಾಗಲ್ಲ ಕಣೇ."

ದೀರ್ಚೆಯದು ಒಂದೇ ಕೆಲಸ: ಕನ್ನಡಕವನ್ನು ಮಡಚುವುದು, ಬಿಚ್ಚುವುದು, ಮಡಚುವುದು. ಆಮೇಲೆ ಸೀಟಿನ ಕಡೆ ನೋಡದೆ ಹೇಳಿದಳು.

"ಅವತ್ತು ನಮ್ಮಪ್ಪ ಆಸ್ಪತ್ರೇಲಿದ್ರು. ನೆನಪಿದೆಯಾ ನಿಂಗೆ? ಆ ಜಪ ನಾನು ಅವರಿಗೋಸ್ಕರ ಅಂತ ಹರಕೆ ಹೊತ್ಕೊಂಡು ಹೇಳ್ತಿದ್ದೆ. ಮೂರು ದಿನಕ್ಕೆ ಹೋಗ್ಬಿಟ್ರು." ಕನ್ನಡಕ ಮತ್ತೆ ಮಡಚಿದಳು. "ಪಟ್ಟೆ ಹನ್ನೊಂದಾಗಿದೆ ಅಂದ್ರೆ ಜಪಾನೇ ತಪ್ಪಿ ಹೇಳಿದ್ದೀನಿ, ನನ್ನ ಮನಸ್ಸು ಎಲ್ಲೋ ಇತ್ತು, ಅದಕ್ಕೇ ಮೇರಿಯಮ್ಮ ಕೇಳಿಸ್ಕೊಳ್ಳಲಿಲ್ಲ ಅಂದ್ಕೊಂಡೆ. ನಲವತ್ತೈದು ವರ್ಷ ಹಾಗೇ ಅಂದ್ಕೊಂಡಿದ್ದೀನಿ ಲೀಬೆರಾ. ಪಾದ್ರಿಗೂ ಹೇಳಿಲ್ಲ."

ಲೀಬೆರಾಳ ಮುಖ ನೋಡಲಾಗಲಿಲ್ಲ ನನಗೆ. ಅವಳಿಗೆ ಇದು ಗೊತ್ತಿರಲಿಲ್ಲ. ಕೆಲಸ ಹೋಯಿತು, ಹೆಸರು ಕೆಟ್ಟಿತು, ಅಷ್ಟೇ ಅಂದುಕೊಂಡಿದ್ದಳು ಪಾಪ, ಅದನ್ನೇ ಹೊರಲಾರದೆ ಹೊತ್ತಿದ್ದಳು. ಬಾರಿನಲ್ಲಿ ನಾನು ಮಾಡಿದ ತಮಾಷೆಗಳೆಲ್ಲ ನನಗೆ ಒಂದೊಂದಾಗಿ ನೆನಪಾದವು. ದೀರ್ಚೆ ಎದ್ದು ಕೋಟಿನ ಗುಂಡಿ ಹಾಕಿಕೊಂಡು, ನನ್ನನ್ನು ದಾಟಿ ಹೊರಗೆ ಹೋದಳು. ಪೆನ್ನು ಮೇಜಿನ ಮೇಲೇ ಉಳಿಯಿತು.

ಲೀಬೆರಾ ಆ ಸಂಜೆಯೇ ಹೇಳಿಕೆ ಬರೆದಳು. ಒಂದು ಪುಟ, ಗುಂಡಗಿನ ಅಕ್ಷರ, ಜಪದಿಂದ ಮೇಸ್ತ್ರಿಯವರೆಗೆ ಯಾವುದನ್ನೂ ಬಿಡದೆ. 'ಅಂದು ನಾನು ಸುಳ್ಳು ಹೇಳಿದೆ' ಎಂಬ ಸಾಲಿನ ಕೆಳಗೆ ಒಂದು ಗೆರೆಯನ್ನೂ ಎಳೆದಳು. ಇಂಜಿನಿಯರ್ ಬಂದು ಓದಿದರು. ಸೀಟಿನ ಹೊಟ್ಟೆ ಬಿಚ್ಚಿ, ಅವಳು ಬರೆದಂತೆ ಒಳಗೆ ಮಡಿಕೆ ಇಲ್ಲದಿರುವುದನ್ನು ಬೆರಳಾಡಿಸಿ ನೋಡಿದರು. ಆಮೇಲೆ ಆ ಮನುಷ್ಯ ಟೋಪಿ ತೆಗೆದು, "ಒಪ್ಪಿಗೆ ಅಮ್ಮಾ" ಅಂದರು. ಅದರ ಒಂದು ಪ್ರತಿ ತೆಗೆಸಿ ಲೀಬೆರಾ ತಾನೇ ಬಾರಿನ ಗೋಡೆಗೆ ಅಂಟಿಸಿ ಬಂದಳು. ನಾನು ಬೇಡವೆಂದೆ. ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಮಾರನೇ ದಿನ ಯಾವನೋ ಅವಳನ್ನು "ಏನು ಹನ್ನೊಂದಮ್ಮ" ಅಂತ ಕೂಗಿದ. "ಹೂಂ, ಏನಪ್ಪಾ?" ಅಂತ ತಿರುಗಿ ನೋಡಿದಳು. ಅವನಿಗೇ ನಾಚಿಕೆಯಾಯಿತು.

ದೀರ್ಚೆ ಗುರುವಾರ ಬರಲಿಲ್ಲ. ಮುಂದಿನ ಗುರುವಾರವೂ ಇಲ್ಲ. ಲೀಬೆರಾ ಎರಡು ಸಲ ಅವಳ ಮನೆ ಬಾಗಿಲಿಗೆ ಹೋಗಿ ಬಂದಳು. ಎರಡು ಸಲವೂ ಮಗ ಬಾಗಿಲು ತೆಗೆದು, "ಅಮ್ಮ ಮಲಗಿದ್ದಾರೆ ಲೀಬೆರಾ ಆಂಟಿ" ಅಂದನಂತೆ. ಮೂರನೇ ಸಲ ಹೋಗು ಅಂದೆ. "ಅವಳು ಮಲಗಬೇಕು ಅಂದ್ರೆ ಮಲಗ್ಲಿ ಬಿಡು" ಅಂದಳು. ಇಸ್ಪೀಟಿನ ಕಟ್ಟು ಕಪಾಟಿನಲ್ಲೇ ಇತ್ತು. ನಾವಿಬ್ಬರೇ ಆಡೋಣವೇ ಅಂತ ಕೇಳುವ ಧೈರ್ಯ ನನಗೂ ಬರಲಿಲ್ಲ. ಕೆಲಸ ಮಾತ್ರ ನಿಲ್ಲಿಸಲಿಲ್ಲ ಅವಳು. ಡ್ರೈವರ್ ಸೀಟಿನ ಹನ್ನೊಂದೂ ಪಟ್ಟೆಗೆ ಕೊಬ್ಬು ತಿನ್ನಿಸಿ, ಹಳೆ ತೂತಿನಲ್ಲೇ ಹೊಲಿದು, ಜಾಗಕ್ಕೆ ಕೂರಿಸಿದಳು.

ಜೂನ್ ಎರಡನೇ ವಾರದ ಒಂದು ಮಂಗಳವಾರ ಬೆಳಿಗ್ಗೆ, ಕಾರು ಹೋಗಲು ನಾಲ್ಕು ದಿನ ಇರುವಾಗ, ದೀರ್ಚೆ ಅಂಗಳಕ್ಕೆ ಬಂದಳು. ನನಗೆ ಮುಖ ಕೊಡದೆ ಸೀದಾ ಕಾರಿನ ಹತ್ತಿರ ಹೋದಳು.

"ಯಾವುದು ನಂದು?"

ಲೀಬೆರಾ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಪಕ್ಕದ ಸೀಟು ತೋರಿಸಿದಳು. ದೀರ್ಚೆ ಬಗ್ಗಿ ಪಟ್ಟೆಗಳ ಮೇಲೆ ಬೆರಳಿಟ್ಟು ಎಣಿಸಿದಳು. ಬಾಯಿಬಿಟ್ಟು, ಗಟ್ಟಿಯಾಗಿ. ಹತ್ತಕ್ಕೆ ನಿಂತಿತು. ಮತ್ತೆ ಮೊದಲಿಂದ ಎಣಿಸಿದಳು. ಮತ್ತೆ ಹತ್ತು.

"ಸರಿಯಾಗೇ ಹೇಳಿದ್ದೆ" ಅಂದಳು, ಯಾರಿಗೂ ಅಲ್ಲದಂತೆ. "ಒಂದೂ ತಪ್ಪಿರಲಿಲ್ಲ."

ಅವಳ ಕಣ್ಣಿಂದ ನೀರು ಸುರಿಯಿತು. ಒರೆಸಿಕೊಳ್ಳಲಿಲ್ಲ. ಲೀಬೆರಾ ಹತ್ತಿರ ಹೋಗಲೂ ಇಲ್ಲ, ದೂರ ಸರಿಯಲೂ ಇಲ್ಲ.

ಸೀಟಿನ ಪಕ್ಕದಲ್ಲಿ ಗೇಣುದ್ದ ಹೊಲಿಗೆ ಬಿಚ್ಚಿಕೊಂಡಿತ್ತು. ದೀರ್ಚೆ ಅದರೊಳಗೆ ಬೆರಳು ತೂರಿಸಿದಳು. "ಇದ್ಯಾಕೆ ಹೀಗೇ ಬಿಟ್ಟಿದ್ದೀಯಾ? ಶನಿವಾರ ಕಾರು ಹೋಗ್ಬೇಕಂತೆ."

"ನೀನು ಹೊಲಿದಿದ್ದು ಅದು. ನಿನ್ನ ಕೇಳ್ದೆ ಹೇಗೆ ಮುಟ್ಲಿ."

"ನಿನ್ನ ಮೇಲೆ ಸಿಟ್ಟು ಹೋಗಿಲ್ಲ ನಂಗೆ. ಹೋಗುತ್ತೋ ಇಲ್ವೋ ಗೊತ್ತಿಲ್ಲ."

"ಗೊತ್ತು."

"ಸೂಜಿ ಕೊಡು."

ಉಪ್ಪು ತಿಂದ ಬೆರಳುಗಳು, ಗಂಟುಗಂಟಾಗಿ ಮರಗಟ್ಟಿದ್ದವು. ದಾರ ಪೋಣಿಸಲು ನಾಲ್ಕು ಸಲ ಪ್ರಯತ್ನಪಟ್ಟಳು. ಲೀಬೆರಾ ಕೈ ಚಾಚಿದರೆ, "ತೆಗಿ ಕೈ" ಎಂದು ಗದರಿದಳು. ಐದನೇ ಸಲಕ್ಕೆ ಹೋಯಿತು. ಕಾರಿನ ಬಾಗಿಲ ಬಳಿ ಮಂಡಿಯೂರಿ, ತುಟಿ ಕಚ್ಚಿಕೊಂಡು, ಹಳೆ ತೂತುಗಳಲ್ಲಿ ಒಂದೊಂದೇ ಹೊಲಿಗೆ ಹಾಕಿದಳು. ಮಧ್ಯಾಹ್ನದ ಗಂಟೆ ಹೊಡೆಯುವವರೆಗೂ ಹಿಡಿಯಿತು. ಅಷ್ಟನ್ನು ಲೀಬೆರಾ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದಳು. ಹದಿನೆಂಟು ಹೊಲಿಗೆಯಲ್ಲಿ ಎರಡು ಸೊಟ್ಟಗಾದವು, ಒಂದು ಹೊಸ ತೂತು ಬಿತ್ತು. ನಾನು ಲೀಬೆರಾಳ ಮುಖ ನೋಡಿದೆ. ಅವಳು ಕೆಳಗೆ ಕೂತು ದಾರದ ಉಂಡೆ ಹಿಡಿದುಕೊಂಡಿದ್ದಳು, ಅಷ್ಟೇ.

ಶನಿವಾರ ಊರ ಚೌಕದಲ್ಲಿ ಸಂಘದ ಸರ್ಟಿಫಿಕೇಟಿಗೆ ಬಂದ ಕಾರುಗಳೆಲ್ಲ ಸಾಲಾಗಿ ನಿಂತವು. ಕವಾಝೂಟಿ ಹೊಸ ಟೈ ಕಟ್ಟಿಕೊಂಡು, ಬೆವರುತ್ತಾ ನಿಂತಿದ್ದರು. ಲೀಬೆರಾ ಒಂದು ಕಡೆ, ದೀರ್ಚೆ ಹತ್ತು ಹೆಜ್ಜೆ ಆಚೆ ಇನ್ನೊಂದು ಕಡೆ. ಇಂಜಿನಿಯರ್ ಸ್ಪಿನೆಲ್ಲಿ ಕೊನೆಯ ಸಲ ಒಳಗೆ ಬಗ್ಗಿದರು. ಡ್ರೈವರ್ ಸೀಟು ನೋಡಿ ಮುಂದೆ ಹೋದರು. ಪಕ್ಕದ ಸೀಟಿನ ಬಳಿ ಭೂತಗನ್ನಡಿ ನಿಂತಿತು.

"ಈ ಹೊಲಿಗೆ ಹೊಸದು. ಸೊಟ್ಟಗಿದೆ, ಇಲ್ಲೊಂದು ತೂತೂ ಜಾಸ್ತಿ ಇದೆ. ಇದು ನಿಮ್ಮ ಕೈ ಅಲ್ವಲ್ಲಾ ಅಮ್ಮಾ. ಯಾರು ಹೊಲಿದಿದ್ದು?"

ಹತ್ತು ಹೆಜ್ಜೆ ಆಚೆಯಿಂದ ದೀರ್ಚೆಯೇ ಉತ್ತರ ಕೊಟ್ಟಳು.

"ಮೊದಲು ಹೊಲಿದವಳೇ."

ಇಂಜಿನಿಯರ್ ಅವಳ ಹೆಸರು ಕೇಳಿದರು. ದೀರ್ಚೆ ತನ್ನ ಹೆಸರು, ಅಪ್ಪನ ಹೆಸರು, ಎರಡನ್ನೂ ಹೇಳಿದಳು. ಅವರು ತಮ್ಮ ದಪ್ಪ ಪುಸ್ತಕದಲ್ಲಿ ಬರೆದುಕೊಂಡರು.